ಮೊದಲು ನೀರು, ಆಮೇಲೆ ಬೋಟ್: ಕರಾವಳಿಯಲ್ಲಿ ದೋಣಿ ವಿಹಾರಕ್ಕೆ ಹೊರಟವರಿಗೆ

ಕರಾವಳಿಗೆ ಹೊರಡುವ ಗುಂಪಿನವರು ಮೊದಲು ಕೇಳೋದು ಒಂದೇ ಮಾತು: ‘ಇಡೀ ಬೋಟ್ ನಮಗೇ ಬೇಕು, ಎಷ್ಟಾಗುತ್ತೆ?’ ರೇಟು ಆಮೇಲೆ ಕೇಳಿ. ಯಾವ ನೀರಿನ ಮೇಲೆ ಹೋಗ್ತೀರಿ ಅನ್ನೋದು ಮೊದಲು ತೀರ್ಮಾನ ಆಗಲಿ. ಕಾರವಾರದಿಂದ ಮಂಗಳೂರಿನವರೆಗೆ 300 ಕಿಲೋಮೀಟರಿಗೂ ಹೆಚ್ಚು ಉದ್ದದ ನಮ್ಮ ಕರಾವಳಿಯಲ್ಲಿ ನಾಲ್ಕು ಥರದ ನೀರು ಸಿಗುತ್ತೆ. ಹೊಳೆಯ ಹಿನ್ನೀರು, ಹೊಳೆ ಕಡಲಿಗೆ ಸೇರುವ ಅಳಿವೆ, ದಂಡೆಗೆ ಹತ್ತಿರದ ಸಮುದ್ರ, ಮತ್ತೆ ನೇತ್ರಾಣಿ ದ್ವೀಪದ ಕಡೆಗೆ ಹೋಗುವಾಗ ಸಿಗುವ ತೆರೆದ ಕಡಲು. ಒಂದೊಂದರ ಗುಣವೂ ಬೇರೆ. ಅಜ್ಜಿ, ಮೂರು ವರ್ಷದ ಮಗು, ಬಸ್ಸಿನಲ್ಲೇ ವಾಂತಿ ಮಾಡುವ ಅತ್ತಿಗೆ ಎಲ್ಲರೂ ಇರುವ ಗುಂಪಿಗೆ ತೆರೆದ ಕಡಲು ಬೇಡವೇ ಬೇಡ. ಗುಂಪಿನಲ್ಲಿ ಯಾರಿಗೆ ನೀರು ಕಂಡರೆ ಅತಿ ಹೆಚ್ಚು ಭಯವೋ, ಯಾರ ಮೈ ಅತಿ ನಾಜೂಕೋ ಅವರನ್ನು ನೋಡಿ ನೀರು ಆರಿಸಿ. ಉಳಿದ ಹುಡುಗರಿಗೆ ಜಾಸ್ತಿ ಥ್ರಿಲ್ ಬೇಕಿದ್ದರೆ ಅವರು ಮಾರನೇ ದಿನ ಬೇರೆ ಹೋಗಲಿ.

ಇನ್ನು ಕಾಲ. ಜೂನ್ ಶುರುವಿನಲ್ಲಿ ಮಳೆಗಾಲ ಬಂತು ಅಂದರೆ ಕಡಲು ಮುಚ್ಚಿದ ಹಾಗೆ. ಯಾಂತ್ರಿಕ ಮೀನುಗಾರಿಕೆಗೇ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ನಿಷೇಧ ಇರುತ್ತೆ. ಅದಕ್ಕೆ ಮುಖ್ಯ ಕಾರಣ ಮೀನು ಮರಿ ಮಾಡುವ ಕಾಲ ಅನ್ನೋದು, ಆದರೆ ಆಗಿನ ಕಡಲೂ ಸುಮ್ನೆ ಇರುವಂಥದ್ದಲ್ಲ. ಪ್ರವಾಸಿ ಬೋಟುಗಳು ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಹೊತ್ತಿಗೆ ಮತ್ತೆ ನೀರಿಗಿಳಿಯುತ್ತವೆ. ಅಕ್ಟೋಬರಿನಲ್ಲಿ ಸಂಜೆ ಗುಡುಗು ಮಳೆ ಇದ್ದೇ ಇರುತ್ತೆ. ನವೆಂಬರಿನಿಂದ ಫೆಬ್ರವರಿವರೆಗೆ ಅತ್ಯುತ್ತಮ. ಮಾರ್ಚ್, ಏಪ್ರಿಲ್ ಪರವಾಗಿಲ್ಲ, ಆದರೆ ಬಿಸಿಲು ಮತ್ತು ಮಧ್ಯಾಹ್ನದ ಗಾಳಿ ಎರಡೂ ಜೋರು. ಮೇ ತಿಂಗಳನ್ನು ನಾನು ನಂಬೋದಿಲ್ಲ. ರಜೆ ಅಂತ ಎಲ್ಲರೂ ಬರೋದು ಆಗಲೇ, ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಏಳುವ ಕಾಲಗಳಲ್ಲಿ ಅದೂ ಒಂದು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ದಂಡೆಯ ರಸ್ತೆ, ಮನೆಗಳಿಗೇ ನೀರು ನುಗ್ಗಿತ್ತು.

ದಿನದ ಹೊತ್ತಿಗೂ ಅಷ್ಟೇ ಮಹತ್ವ ಇದೆ. ರಾತ್ರಿ ನೆಲ ತಣ್ಣಗಾಗಿ ಗಾಳಿ ದಂಡೆಯಿಂದ ಕಡಲಿನ ಕಡೆಗೆ ಮೆಲ್ಲಗೆ ಬೀಸುತ್ತಿರುತ್ತೆ, ಹಾಗಾಗಿ ಬೆಳಗ್ಗೆ ಏಳೆಂಟು ಗಂಟೆಗೆ ನೀರು ಮಟ್ಟಸವಾಗಿರುತ್ತೆ. ಹೊತ್ತು ಏರಿದ ಹಾಗೆ ನೆಲ ಕಾಯುತ್ತೆ, ಗಾಳಿ ತಿರುಗಿ ಕಡಲಿನಿಂದ ಬೀಸಲು ಶುರುವಾಗುತ್ತೆ, ಮಧ್ಯಾಹ್ನ ಎರಡು ಮೂರು ಗಂಟೆಗೆ ಅದೇ ನೀರಿನ ಮೇಲೆ ಬೋಟ್ ಎತ್ತಿ ಕುಕ್ಕುತ್ತೆ. ಸಮುದ್ರಕ್ಕೆ ಹೋಗುವ ಏನೇ ಇದ್ದರೂ ಬೆಳಗ್ಗೆ ಮುಗಿಸಿ. ಸಂಜೆಯ ಹೊತ್ತು ಹಿನ್ನೀರಿಗೆ ಇರಲಿ, ಅಲ್ಲಿ ಗಾಳಿ ಅಷ್ಟಾಗಿ ತಾಗೋದಿಲ್ಲ, ಬೆಳಕೂ ಚೆನ್ನಾಗಿರುತ್ತೆ.

ಹಿನ್ನೀರಿಗೆ ಹೋಗುವವರು ನೋಡಬೇಕಾದದ್ದು ಉಬ್ಬರ ಇಳಿತ. ಇದನ್ನು ಯಾರೂ ಕೇಳೋದೇ ಇಲ್ಲ! ದಿನಕ್ಕೆ ಎರಡು ಸಲ ನೀರು ಏರುತ್ತೆ, ಎರಡು ಸಲ ಇಳಿಯುತ್ತೆ, ಆ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಜಾಸ್ತಿ, ಅಷ್ಟಮಿ ಹೊತ್ತಿಗೆ ಕಡಿಮೆ. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಒಳಗಿನ ಸಣ್ಣ ಸಣ್ಣ ಕಾಲುವೆಗಳಿಗೆ ಕಯಾಕ್, ಅಂದರೆ ಹುಟ್ಟು ಹಾಕುವ ಸಣ್ಣ ದೋಣಿ, ಹೋಗಬೇಕು ಅಂದರೆ ಉಬ್ಬರ ಇರಬೇಕು. ಇಳಿತದಲ್ಲಿ ಹೋದರೆ ಅರ್ಧ ದಾರಿಯಲ್ಲಿ ಕೆಸರಿಗೆ ತಾಗಿ ನಿಲ್ಲುತ್ತೆ, ಇಳಿದು ತಳ್ಳೋಣ ಅಂದರೆ ಮೊಣಕಾಲಿನವರೆಗೆ ಹೂತುಹೋಗುತ್ತೆ. ಹಕ್ಕಿ ನೋಡುವವರಿಗೆ ಮಾತ್ರ ಇಳಿತವೇ ಒಳ್ಳೆಯದು. ಕೆಸರು ತೆರೆದುಕೊಂಡಾಗ ಕೊಕ್ಕರೆ, ಮಿಂಚುಳ್ಳಿ, ಉದ್ದ ಕೊಕ್ಕಿನ ವಲಸೆ ಹಕ್ಕಿಗಳು ಎಲ್ಲಾ ಊಟಕ್ಕೆ ಇಳಿಯುತ್ತವೆ. ಆಗ ಒಳಗಿನ ಕಾಲುವೆ ಬಿಟ್ಟು ಮುಖ್ಯ ಹೊಳೆಯಲ್ಲೇ ಹೋಗುವ ದೋಣಿ ಹಿಡಿಯಿರಿ. ಬುಕ್ ಮಾಡುವಾಗ ‘ಆವತ್ತು ಉಬ್ಬರ ಎಷ್ಟು ಗಂಟೆಗೆ?’ ಅಂತ ಕೇಳಿ. ಥಟ್ಟನೆ ಉತ್ತರ ಕೊಟ್ಟರೆ ಅವರು ನೀರಿನ ಜನ.

ಜಾಗ ಯಾವುದು ಅಂತೀರಾ? ನನ್ನ ಕೇಳಿದರೆ ಕುಟುಂಬದ ಜೊತೆ ಹೋಗುವವರಿಗೆ ಮೊದಲು ಹೊನ್ನಾವರ. ಶರಾವತಿ ಅಗಲವಾಗಿ, ಶಾಂತವಾಗಿ ಹರಿಯುತ್ತೆ, ಕೊಂಕಣ ರೈಲ್ವೆಯ ಅತಿ ಉದ್ದದ ಸೇತುವೆ ಇರೋದು ಇದೇ ಹೊಳೆಯ ಮೇಲೆ, ಎರಡು ಕಿಲೋಮೀಟರಿಗೂ ಹೆಚ್ಚು. ಪಕ್ಕದ ಕಾಸರಕೋಡಿನಲ್ಲಿ ಕಾಂಡ್ಲಾ ಕಾಡಿನ ನಡುವೆ ಮರದ ಹಲಗೆಯ ಕಾಲುದಾರಿ ಇದೆ, ದೋಣಿ ಹತ್ತೋಕೆ ಹೆದರುವವರು ಅಲ್ಲಿ ನಡೆದೇ ನೋಡಬಹುದು. ಕಾಸರಕೋಡಿನ ಬೀಚಿಗೆ 2020ರಲ್ಲಿ, ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿತು, ಅದೇ ವರ್ಷ ಪಡುಬಿದ್ರೆಗೂ ಸಿಕ್ಕಿತು. ಶೌಚಾಲಯ, ಬಟ್ಟೆ ಬದಲಾಯಿಸುವ ಕೋಣೆ ಇರುವ ಬೀಚ್ ಹೆಣ್ಣುಮಕ್ಕಳಿಗೆ ಎಷ್ಟು ಅನುಕೂಲ ಅಂತ ಹೇಳಬೇಕಾಗಿಲ್ಲ ಅಲ್ವಾ?

ಉಡುಪಿ ಕಡೆಯವರಿಗೆ ಕೋಡಿ ಬೆಂಗ್ರೆ ಇದೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಒಂದು ಪಟ್ಟಿಯಷ್ಟು ನೆಲ. ಸುವರ್ಣಾ, ಸೀತಾ ನದಿಗಳು ಇಲ್ಲೇ ಕಡಲಿಗೆ ಸೇರುತ್ತವೆ. ಕೆಮ್ಮಣ್ಣು, ಹೂಡೆ ಕಡೆಯ ಹೊಳೆಯಲ್ಲಿ ನಿಧಾನವಾಗಿ ಸುತ್ತಬಹುದು, ಸಾಲಿಗ್ರಾಮದ ಹತ್ತಿರ ಕಾಂಡ್ಲಾ ಕಾಡಿನೊಳಗೆ ಕಯಾಕಿಂಗ್ ಮಾಡಿಸುತ್ತಾರೆ. ಕುಂದಾಪುರದಲ್ಲಿ ಪಂಚಗಂಗಾವಳಿಯೂ ಚೆನ್ನ. ಗೋಕರ್ಣಕ್ಕೆ ಹೋದವರು ಬರೀ ಓಂ ಬೀಚ್ ನೋಡಿ ವಾಪಸ್ ಬರ್ತಾರೆ, ಪಕ್ಕದ ತದಡಿಯಲ್ಲಿ ಅಘನಾಶಿನಿಯ ಅಳಿವೆ ಇರೋದು ಗೊತ್ತೇ ಇರೋದಿಲ್ಲ. ಇಳಿತದ ಹೊತ್ತಿಗೆ ಅಲ್ಲಿ ಊರಿನ ಹೆಂಗಸರು, ಗಂಡಸರು ನೀರಿಗಿಳಿದು ಬೆಳಚು, ಅಂದರೆ ತಿನ್ನುವ ಚಿಪ್ಪುಮೀನು, ಆರಿಸುತ್ತಿರುತ್ತಾರೆ. ಬಗ್ಗಿ, ಕಾಲಿನಲ್ಲಿ ಮರಳು ತಡಕಿ, ಚಿಪ್ಪು ಸಿಕ್ಕ ಕೂಡಲೇ ಕೈ ಹಾಕಿ ಬುಟ್ಟಿಗೆ ಹಾಕೋದು. ಬುಟ್ಟಿ ಪಕ್ಕದಲ್ಲೇ ತೇಲುತ್ತಿರುತ್ತೆ. ನಿಮ್ಮ ಬೋಟ್ ಅವರ ಹತ್ತಿರ ಜೋರಾಗಿ ಹೋದರೆ ಆ ಅಲೆಗೆ ಬುಟ್ಟಿ ಮಗುಚುತ್ತೆ. ಇಂಜಿನ್ ನಿಧಾನ ಮಾಡಿ ಅಂತ ನೀವೇ ಹೇಳಿ, ಅದು ಅವರ ಒಂದು ದಿನದ ದುಡಿಮೆ.

ಕಾರವಾರದಲ್ಲಿ ಕಾಳಿ ನದಿ. ರವೀಂದ್ರನಾಥ ಟ್ಯಾಗೋರ್ ಯುವಕರಾಗಿದ್ದಾಗ ಅಣ್ಣನ ಜೊತೆ ಕಾರವಾರದಲ್ಲಿದ್ದು, ಬೆಳದಿಂಗಳಲ್ಲಿ ಇದೇ ಕಾಳಿಯ ಮೇಲೆ ದೋಣಿಯಲ್ಲಿ ಹೋಗಿದ್ದರು. ನೀವು ಮಾತ್ರ ಕತ್ತಲಾಗುವ ಮುಂಚೆ ದಡಕ್ಕೆ ಬನ್ನಿ. ಕತ್ತಲಲ್ಲಿ ಮೀನಿನ ಬಲೆ ಕಾಣೋದಿಲ್ಲ, ಮರಳ ದಿಬ್ಬ ಕಾಣೋದಿಲ್ಲ, ಯಾರಾದರೂ ನೀರಿಗೆ ಬಿದ್ದರೆ ಅವರೂ ಕಾಣೋದಿಲ್ಲ.

ಅಳಿವೆಯ ವಿಚಾರ ಒಂದು ಪ್ರತ್ಯೇಕವಾಗಿ ಹೇಳಬೇಕು. ಹೊಳೆಯಿಂದ ಕಡಲಿಗೆ ದಾಟುವ ಆ ಜಾಗ ದೂರದಿಂದ ನೋಡಿದರೆ ಏನೂ ಅನ್ನಿಸೋದಿಲ್ಲ. ಆದರೆ ಹೊಳೆ ತಂದ ಮರಳು ಅಲ್ಲೇ ದಿಬ್ಬವಾಗಿ ಕೂತಿರುತ್ತೆ, ನೀರು ತೆಳು, ಇಳಿತದ ಹೊತ್ತಿಗೆ ಹೊಳೆಯ ಸೆಳೆತ ಹೊರಗೆ ಎಳೆಯುತ್ತೆ, ಕಡಲಿನ ಅಲೆ ಒಳಗೆ ತಳ್ಳುತ್ತೆ, ಎರಡೂ ಸೇರಿದ ಕಡೆ ನೀರು ನೆಟ್ಟಗೆ ಎದ್ದು ನಿಲ್ಲುತ್ತೆ. ತಲೆಮಾರುಗಳಿಂದ ಮೀನು ಹಿಡಿಯುವವರೂ ಅಳಿವೆ ದಾಟುವಾಗ ಹುಷಾರಾಗಿರುತ್ತಾರೆ. ‘ಇಷ್ಟು ದೂರ ಬಂದಿದ್ದೀವಿ, ಸ್ವಲ್ಪ ಸಮುದ್ರದ ಕಡೆಗೂ ಹೊಡೀರಿ ಅಣ್ಣಾ’ ಅಂತ ಹಿನ್ನೀರಿನ ದೋಣಿಯವರನ್ನು ಒತ್ತಾಯ ಮಾಡಬೇಡಿ. ಅವರ ದೋಣಿಯ ತಳ ಆ ನೀರಿಗೆ ಮಾಡಿದ್ದಲ್ಲ.

ಈಗ ಬೋಟ್ ಗೊತ್ತುಮಾಡೋಣ. ಫೋನಿನಲ್ಲಿ ಮಾತಾಡುವಾಗ ಇಡೀ ಬೋಟಿಗೆ ಎಷ್ಟು, ತಲೆಗೆ ಎಷ್ಟು ಅನ್ನೋದನ್ನು ಬಿಡಿಸಿ ಕೇಳಿ. ಗಂಟೆ ಯಾವಾಗಿನಿಂದ ಲೆಕ್ಕ? ಹತ್ತಿದ ಮೇಲಾ, ನೀವು ಬುಕ್ ಮಾಡಿದ ಹೊತ್ತಿನಿಂದಾ? ದ್ವೀಪದಲ್ಲಿ ಕಾಯೋದಕ್ಕೆ ಬೇರೆ ದುಡ್ಡಾ? ಡೀಸೆಲ್, ಪ್ರವೇಶ ಶುಲ್ಕ, ಪಾರ್ಕಿಂಗ್ ಎಲ್ಲಾ ಸೇರಿದೆಯಾ? ಹವೆ ಕೆಟ್ಟು ಅವರೇ ರದ್ದು ಮಾಡಿದರೆ ಮುಂಗಡ ವಾಪಸ್ ಕೊಡ್ತಾರಾ, ಇಲ್ಲಾ ಬೇರೆ ದಿನ ಕೊಡ್ತಾರಾ? ಇಷ್ಟನ್ನೂ ವಾಟ್ಸ್ಆ್ಯಪಿನಲ್ಲಿ ಬರೆಸಿಕೊಳ್ಳಿ. ಬಾಯಿಮಾತಿನಲ್ಲಿ ಎರಡು ಗಂಟೆ ಅಂದದ್ದು ದಕ್ಕೆಗೆ (ಬೋಟ್ ಹತ್ತುವ ಕಟ್ಟೆಗೆ) ಹೋದಾಗ ಒಂದೂಕಾಲು ಗಂಟೆ ಆಗಿರೋದು ಅಪರೂಪವೇನಲ್ಲ. ಶನಿವಾರ, ಭಾನುವಾರ, ಕ್ರಿಸ್‌ಮಸ್ ವಾರ ಬಿಟ್ಟು ಹೋದರೆ ಚೌಕಾಸಿಗೆ ಜಾಗ ಇರುತ್ತೆ, ಬೋಟಿನವರಿಗೂ ನಿಮ್ಮ ಜೊತೆ ಮಾತಾಡೋಕೆ ಪುರುಸೊತ್ತು ಇರುತ್ತೆ.

ದುಡ್ಡಿನಲ್ಲಿ ಚೌಕಾಸಿ ಮಾಡಿ, ತಲೆ ಲೆಕ್ಕದಲ್ಲಿ ಮಾತ್ರ ಬೇಡ. ಬೋಟಿಗೆ ನೋಂದಣಿ ಸಂಖ್ಯೆ ಇರಬೇಕು, ಎಷ್ಟು ಜನ ಹತ್ತಬಹುದು ಅನ್ನೋದು ಕಾಣುವ ಹಾಗೆ ಬರೆದಿರಬೇಕು, ಪರವಾನಗಿ ಕೇಳಿದರೆ ತೋರಿಸಬೇಕು. 12 ಅಂತ ಬರೆದಿದ್ದರೆ 12. ಮಕ್ಕಳೂ ಒಂದೊಂದು ತಲೆಯೇ, ‘ಮಕ್ಕಳಲ್ವಾ, ತೊಡೆ ಮೇಲೆ ಕೂತ್ಕೊಳ್ತಾರೆ’ ಅನ್ನೋದು ಲೆಕ್ಕವಲ್ಲ. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ದೇವರ ಜಾತ್ರೆ ಮುಗಿಸಿ ವಾಪಸ್ ಬರುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು. ಆ ದೋಣಿಯಲ್ಲಿ ಹಿಡಿಸುವುದಕ್ಕಿಂತ ಹೆಚ್ಚು ಜನ ಇದ್ದರು. ದಡ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿತ್ತು. ನಿಮ್ಮ ಗುಂಪು 14 ಜನ ಇದ್ದು ಬೋಟ್ 12ರದ್ದಾದರೆ ಎರಡು ಬೋಟ್ ಮಾಡಿ. ದಕ್ಕೆಯಲ್ಲಿ ಕಡೇ ನಿಮಿಷಕ್ಕೆ ಬೇರೆ ಗುಂಪಿನ ಇಬ್ಬರನ್ನು ಹತ್ತಿಸೋಕೆ ಬಂದರೆ ನಗುನಗುತ್ತಲೇ, ಆದರೆ ಗಟ್ಟಿಯಾಗಿ ಬೇಡ ಅನ್ನಿ. ಇಡೀ ಬೋಟ್ ನಿಮ್ಮದು ಅಂತ ತಾನೇ ದುಡ್ಡು ಕೊಟ್ಟಿರೋದು?

ಲೈಫ್ ಜಾಕೆಟ್ ಇದೆಯಾ ಅಂತ ಕೇಳಿದರೆ ಎಲ್ಲರೂ ಇದೆ ಅಂತಾರೆ. ಸೀಟಿನ ಕೆಳಗೆ ತುರುಕಿಟ್ಟಿದ್ದು ಇಲ್ಲದ ಹಾಗೇ. ಮೈಮೇಲೆ ಇರಬೇಕು, ಎಲ್ಲಾ ಪಟ್ಟಿಗಳೂ ಕಟ್ಟಿರಬೇಕು. ಸರಿಯಾದ ಅಳತೆ ನೋಡೋದು ಹೀಗೆ: ಪಟ್ಟಿ ಬಿಗಿದು, ಎರಡೂ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆಯಿರಿ. ಜಾಕೆಟ್ ಗಲ್ಲ ದಾಟಿ ಕಿವಿವರೆಗೆ ಬಂದರೆ ಅದು ದೊಡ್ಡದು, ನೀರಿಗೆ ಬಿದ್ದರೆ ಜಾಕೆಟ್ ಮೇಲೆ ತೇಲುತ್ತೆ, ಮಗು ಕೆಳಗೆ ಜಾರುತ್ತೆ. ಮಕ್ಕಳ ಜಾಕೆಟಿಗೆ ತೊಡೆಯ ನಡುವೆ ಹಾಯುವ ಪಟ್ಟಿ ಇದ್ದರೆ ಒಳ್ಳೆಯದು. ಬುಕ್ ಮಾಡುವಾಗಲೇ ಮಕ್ಕಳ ವಯಸ್ಸು, ತೂಕ ಹೇಳಿ, ಸಣ್ಣ ಜಾಕೆಟ್ ತೆಗೆದಿಡೋಕೆ ಹೇಳಿ. ಹರಿದ ಪಟ್ಟಿ, ಮುರಿದ ಬಕಲ್, ಒಳಗಿನ ಫೋಮ್ ಪುಡಿಯಾದದ್ದು ಕಂಡರೆ ಸಂಕೋಚ ಬೇಡ, ಬದಲಾಯಿಸಿಕೊಡಿ ಅನ್ನಿ. ಸೀರೆ ಉಟ್ಟವರು ಚೂಡಿದಾರಕ್ಕೆ ಬದಲಾಯಿಸೋದು ವಾಸಿ. ಒದ್ದೆ ಸೀರೆ ಕಾಲಿಗೆ ಸುತ್ತಿಕೊಂಡರೆ ಈಜು ಬರುವವರಿಗೂ ಕಷ್ಟ.

ಸೇಂಟ್ ಮೇರಿಸ್ ದ್ವೀಪಕ್ಕೆ ಮಲ್ಪೆಯಿಂದ ಬೋಟ್ ಹೋಗುತ್ತೆ, ಸುಮಾರು ಆರು ಕಿಲೋಮೀಟರ್. ಅಲ್ಲಿನ ಕಂಬ ಕಂಬದಂಥ ಕಲ್ಲುಗಳು ಸುಮಾರು 8.8 ಕೋಟಿ ವರ್ಷ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾಗುತ್ತಿದ್ದ ಕಾಲದ ಲಾವಾ ತಣ್ಣಗಾಗಿ ಆದವು. ಕಾಲಿಟ್ಟ ಕೂಡಲೇ ಆ ಕಂಬಗಳ ತಲೆ ಷಟ್ಕೋನವಾಗಿ ಕಾಣುತ್ತೆ, ಮಕ್ಕಳಿಗೆ ತೋರಿಸಿ. ದೊಡ್ಡ ಬೋಟ್ ದ್ವೀಪದ ಹತ್ತಿರ ಪೂರ್ತಿ ಹೋಗೋಕೆ ಆಗೋದಿಲ್ಲ, ನೀರು ತೆಳುವಾದ ಕಡೆ ಸಣ್ಣ ದೋಣಿಗೆ ದಾಟಿಸುತ್ತಾರೆ, ಮೊಣಕಾಲಿನವರೆಗೆ ಒದ್ದೆಯಾಗುತ್ತೆ ಅಂತಲೇ ಇಟ್ಟುಕೊಳ್ಳಿ. ಶೂ ಬೇಡ, ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಹಾಕಿ, ಚಿಪ್ಪು ಕಾಲಿಗೆ ಚುಚ್ಚುತ್ತೆ. ಕಲ್ಲಿನ ಅಂಚಿಗೆ ಸೆಲ್ಫಿಗೆ ಹೋಗಬೇಡಿ. ಪಾಚಿ ಜಾರುತ್ತೆ, ಅಲೆ ಹೇಳಿ ಬರೋದಿಲ್ಲ. 2022ರ ಏಪ್ರಿಲಿನಲ್ಲಿ ಕೇರಳದಿಂದ ಬಂದಿದ್ದ ಕಾಲೇಜು ಹುಡುಗರು ಇದೇ ದ್ವೀಪದಲ್ಲಿ ನೀರುಪಾಲಾದರು.

ಡಾಲ್ಫಿನ್ ತೋರಿಸ್ತೀವಿ ಅಂತ ಗೋಕರ್ಣ, ಕಾರವಾರ ಎರಡೂ ಕಡೆ ಕರೆದುಕೊಂಡು ಹೋಗ್ತಾರೆ. ನಮ್ಮ ದಂಡೆಯ ಹತ್ತಿರ ಹೆಚ್ಚು ಕಾಣೋದು ಬೆನ್ನಿನಲ್ಲಿ ಗೂನು ಇರುವ ಜಾತಿ. ಬೆಳಗ್ಗೆ ನೀರು ಮಟ್ಟಸವಾಗಿದ್ದಾಗ ಬೆನ್ನು ಚೆನ್ನಾಗಿ ಕಾಣುತ್ತೆ. ಬೋಟಿನವರು ಹಿಂದೆ ಬಿದ್ದು ಅಟ್ಟಿಸಿಕೊಂಡು ಹೋದರೆ ಬೇಡ ಅನ್ನಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ ಅದು, ಮರಿ ಜೊತೆಗಿದ್ದರೆ ಇನ್ನೂ ಗಾಬರಿಯಾಗುತ್ತೆ. ಇಂಜಿನ್ ಸಣ್ಣದು ಮಾಡಿ ಸುಮ್ನೆ ನಿಂತರೆ ಎಷ್ಟೋ ಸಲ ಅವೇ ಹತ್ತಿರ ಬರುತ್ತವೆ.

ಜೆಟ್ ಸ್ಕೀ, ಬನಾನಾ ರೈಡ್, ಪ್ಯಾರಾಸೇಲಿಂಗ್ ಬಗ್ಗೆ ಜಾಸ್ತಿ ಹೇಳೋದಕ್ಕಿಲ್ಲ. ಬನಾನಾ ರೈಡಿನಲ್ಲಿ ಕೊನೆಗೆ ಬೇಕಂತಲೇ ನೀರಿಗೆ ಬೀಳಿಸೋದು ವಾಡಿಕೆ, ಬೇಡದಿದ್ದರೆ ಹತ್ತುವ ಮುಂಚೆಯೇ ಹೇಳಿ. ಕನ್ನಡಕ, ಓಲೆ, ಮಾಂಗಲ್ಯದ ಸರ ಬಿಚ್ಚಿ ದಡದಲ್ಲಿರುವವರ ಕೈಗೆ ಕೊಡಿ. ಪ್ಯಾರಾಸೇಲಿಂಗ್ ಮಾತ್ರ ಬೋಟಿನ ಮೇಲಿಂದಲೇ ಹಾರಿಸಿ, ವಿಂಚಿನಿಂದ (ಹಗ್ಗ ಸುತ್ತುವ ಯಂತ್ರದಿಂದ) ಹಗ್ಗ ಎಳೆದು ಬೋಟಿನ ಮೇಲೇ ಇಳಿಸುವಂಥದ್ದನ್ನು ಆರಿಸಿ. ಮರಳಿನ ಮೇಲೆ ಓಡಿಸಿ ಎಬ್ಬಿಸುವಲ್ಲಿ ಇಳಿಯುವಾಗ ಕಾಲು ಉಳುಕೋದು, ಜನರ ಮೇಲೆ ಬೀಳೋದು ಎಲ್ಲಾ ಇದೆ. ಸರ್ಫಿಂಗ್ ಕಲಿಯುವ ಆಸೆ ಇದ್ದವರು ಮೂಲ್ಕಿ, ಸಸಿಹಿತ್ಲು ಕಡೆಗೆ ಹೋಗಿ. 2016ರಲ್ಲಿ ರಾಷ್ಟ್ರಮಟ್ಟದ ಸರ್ಫಿಂಗ್ ಸ್ಪರ್ಧೆ ನಡೆದ ಜಾಗ ಅದು, ಚೆನ್ನಾಗಿ ಕಲಿಸುವವರಿದ್ದಾರೆ.

ನೇತ್ರಾಣಿಗೆ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್, ಬೋಟಿನಲ್ಲಿ ಒಂದು ಗಂಟೆಗೂ ಮೇಲೆ. ಇದು ನಿಜವಾದ ಕಡಲು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನೊಳಗೆ ಇಳಿಯುವ ಸ್ಕೂಬಾ ಡೈವಿಗೆ ಈಜು ಬರಲೇಬೇಕು ಅಂತಿಲ್ಲ, ಮೊದಲ ಸಲದವರನ್ನು ತರಬೇತುದಾರರೇ ಹಿಡಿದುಕೊಂಡು ಕರೆದೊಯ್ಯುತ್ತಾರೆ, 12 ಮೀಟರಿಗಿಂತ ಆಳಕ್ಕೆ ಇಳಿಸಬಾರದು. ವಯಸ್ಸು ಕನಿಷ್ಠ 10. ಅಸ್ತಮಾ, ಹೃದಯದ ತೊಂದರೆ, ಮೂರ್ಛೆರೋಗ, ಕಿವಿಯ ಆಪರೇಷನ್ ಆಗಿರೋದು, ಬಸುರಿ ಆಗಿರೋದು ಯಾವುದಿದ್ದರೂ ಫಾರಂನಲ್ಲಿ ಮುಚ್ಚಿಡಬೇಡಿ. ನೆಗಡಿ ಇದ್ದರೂ ಆವತ್ತು ಇಳಿಯಬೇಡಿ, ಮೂಗು ಕಟ್ಟಿದ್ದರೆ ಕಿವಿಯ ಒತ್ತಡ ಬಿಡೋದಿಲ್ಲ.

ನೀರಿನೊಳಗೆ ನೆನಪಿಡಬೇಕಾದದ್ದು ಮೂರೇ. ಉಸಿರು ಯಾವತ್ತೂ ಹಿಡಿಯಬೇಡಿ, ನಿಧಾನವಾಗಿ ಎಳೆದುಕೊಳ್ಳುತ್ತಾ ಬಿಡುತ್ತಾ ಇರಿ. ಕಿವಿ ಬಿಗಿದ ಹಾಗಾಗುವ ಮುಂಚೆಯೇ ಮೂಗು ಹಿಡಿದು ಮೆಲ್ಲಗೆ ಊದಿ, ನೋವು ಬಂದ ಮೇಲೆ ಊದಿದರೆ ತಡವಾಯ್ತು, ಒಂದೆರಡು ಅಡಿ ಮೇಲೆ ಬಂದು ಮತ್ತೆ ಪ್ರಯತ್ನಿಸಿ. ಮೂರನೆಯದು ಕೈಸನ್ನೆ. ಖುಷಿಯಲ್ಲಿ ಎಲ್ಲರೂ ಹೆಬ್ಬೆರಳು ಎತ್ತಿ ತೋರಿಸ್ತಾರೆ, ನೀರಿನೊಳಗೆ ಅದರ ಅರ್ಥ ‘ಮೇಲೆ ಹೋಗೋಣ’ ಅಂತ. ತರಬೇತುದಾರರು ನಿಮ್ಮನ್ನು ನೇರ ಮೇಲಕ್ಕೆ ಕರೆದುಕೊಂಡು ಬರ್ತಾರೆ, ಡೈವ್ ಅಲ್ಲಿಗೆ ಮುಗೀತು. ಎಲ್ಲಾ ಸರಿ ಇದೆ ಅನ್ನೋಕೆ ಹೆಬ್ಬೆರಳು, ತೋರುಬೆರಳು ಸೇರಿಸಿ ಸುತ್ತು ಮಾಡಿ. ಹವಳವನ್ನು ಮುಟ್ಟಬೇಡಿ, ಫೋಟೋಗೆ ಅಂತ ಹಿಡಿದುಕೊಂಡರೂ ಅದಕ್ಕೆ ಪೆಟ್ಟಾಗುತ್ತೆ.

ಬೆಂಗಳೂರಿನವರು ಇದನ್ನು ಗಮನವಿಟ್ಟು ಓದಿ. ಡೈವ್ ಮಾಡಿದಾಗ ಒತ್ತಡಕ್ಕೆ ರಕ್ತದಲ್ಲಿ ನೈಟ್ರೋಜನ್ ಕರಗಿರುತ್ತೆ, ಅದು ಹೊರಗೆ ಹೋಗೋಕೆ ಹೊತ್ತು ಬೇಕು. ಅಷ್ಟರಲ್ಲಿ ಎತ್ತರಕ್ಕೆ ಹೋದರೆ ಅದು ರಕ್ತದೊಳಗೇ ಗಾಳಿಗುಳ್ಳೆಯಾಗುವ ಅಪಾಯ ಇದೆ. ಅದಕ್ಕೇ ಒಂದು ಡೈವ್ ಆದ ಮೇಲೆ ಕನಿಷ್ಠ 12 ಗಂಟೆ, ಹೆಚ್ಚು ಡೈವ್ ಆಗಿದ್ದರೆ 18 ಗಂಟೆ ವಿಮಾನ ಹತ್ತಬಾರದು ಅಂತ ಹೇಳ್ತಾರೆ. ಘಟ್ಟವೂ ಎತ್ತರವೇ. ಆಗುಂಬೆ 600 ಮೀಟರಿಗೂ ಮೇಲಿದೆ, ಬೆಂಗಳೂರು 900. ಮೊದಲ ಸಲದ ಸಣ್ಣ ಡೈವಿನಲ್ಲಿ ಅಪಾಯ ಕಡಿಮೆಯೇ, ಆದರೂ ಮಧ್ಯಾಹ್ನ ಡೈವ್ ಮುಗಿಸಿ ಸಂಜೆಯೇ ಘಟ್ಟ ಹತ್ತುವ ಪ್ಲ್ಯಾನ್ ಬೇಡ. ಒಂದು ರಾತ್ರಿ ಕೆಳಗೇ ಉಳಿಯಿರಿ, ಮೀನೂಟ ಮಾಡಿ, ಬೆಳಗ್ಗೆ ಹೊರಡಿ.

ಹೊಟ್ಟೆ ತೊಳಸುವವರು ಖಾಲಿ ಹೊಟ್ಟೆಯಲ್ಲಿ ಹತ್ತಬೇಡಿ. ಎರಡು ಇಡ್ಲಿ ಸಾಕು, ಪೂರಿ ಸಾಗು, ಬನ್ಸ್ ವಾಪಸ್ ಬಂದ ಮೇಲೆ. ಬೋಟಿನ ನಡುವೆ, ಹಿಂಬದಿಗೆ ಹತ್ತಿರ ಕೂತರೆ ಕುಲುಕಾಟ ಕಡಿಮೆ, ಆದರೆ ಡೀಸೆಲ್ ಹೊಗೆ ಬರುವ ಕಡೆ ಬೇಡ. ಫೋನ್ ನೋಡಬೇಡಿ, ದೂರದ ದಿಗಂತ ನೋಡುತ್ತಿರಿ. ವಾಂತಿ ಮಾತ್ರೆ ತೆಗೆದುಕೊಳ್ಳುವವರು ಹತ್ತುವ ಒಂದು ಗಂಟೆ ಮುಂಚೆಯೇ ತೆಗೆದುಕೊಳ್ಳಬೇಕು, ಶುರುವಾದ ಮೇಲೆ ನುಂಗಿದರೆ ಅದೂ ಹೊರಗೆ. ಸ್ಕೂಬಾ ಮಾಡುವವರು ಡಾಕ್ಟರನ್ನು ಕೇಳದೆ ಈ ಮಾತ್ರೆ ನುಂಗಬೇಡಿ, ಕೆಲವು ನಿದ್ದೆ ಬರಿಸುತ್ತವೆ. ಕುಡಿದವರನ್ನು ಬೋಟಿಗೆ ಹತ್ತಿಸಲೇಬೇಡಿ, ಎಷ್ಟೇ ಹತ್ತಿರದ ಗೆಳೆಯರಾದರೂ.

ಹೊರಡುವ ಹಿಂದಿನ ಸಂಜೆ ಹವಾಮಾನ ಇಲಾಖೆಯ ಮೀನುಗಾರರ ಎಚ್ಚರಿಕೆ ಮತ್ತು ಕೇಂದ್ರ ಸರ್ಕಾರದ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯ್ಸ್ ಕೊಡುವ ಅಲೆಗಳ ಮುನ್ಸೂಚನೆ ಎರಡನ್ನೂ ನೋಡಿ. ಆಕಾಶ ನೀಲಿಯಾಗಿದ್ದರೂ ದೂರದ ಸಾಗರದಲ್ಲಿ ಎದ್ದ ಅಲೆ ದಿನಗಟ್ಟಲೆ ಬಂದು ನಮ್ಮ ದಂಡೆಗೆ ಹೊಡೆಯೋದುಂಟು, ಬರೀ ಮಳೆಯ ಮುನ್ಸೂಚನೆ ನೋಡಿದರೆ ಅದು ಗೊತ್ತಾಗೋದಿಲ್ಲ. ಆಮೇಲೆ ಬೋಟಿನವರಿಗೆ ಫೋನ್ ಮಾಡಿ ಕೇಳಿ. ‘ನಾಳೆ ಬೇಡ ಸರ್, ಗಾಳಿ ಇದೆ’ ಅಂದರೆ ವಾದ ಮಾಡಬೇಡಿ. ಒಂದು ದಿನದ ಬಾಡಿಗೆ ಬಿಟ್ಟು ಹಾಗೆ ಹೇಳುವವರ ನಂಬರನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಮುಂದಿನ ಸಲವೂ ಅವರ ಬೋಟೇ ಮಾಡಿ. ಜೊತೆಗೆ ಇನ್ನೆರಡು ನಂಬರ್ ಫೋನಿನಲ್ಲಿರಲಿ: ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093. ನೇತ್ರಾಣಿ ಹತ್ತಿರ ನೆಟ್‌ವರ್ಕ್ ನೆಚ್ಚಿಕೊಳ್ಳುವಂತಿಲ್ಲ, ಹಾಗಾಗಿ ಎಲ್ಲಿಗೆ, ಯಾವ ಬೋಟಿನಲ್ಲಿ, ಎಷ್ಟು ಜನ, ಎಷ್ಟು ಗಂಟೆಗೆ ವಾಪಸ್ ಅನ್ನೋದನ್ನು ದಡದಲ್ಲಿ ಉಳಿಯುವ ಒಬ್ಬರಿಗೆ ಅಥವಾ ನಿಮ್ಮ ಲಾಡ್ಜಿನವರಿಗೆ ಬರೆದು ಕೊಟ್ಟು ಹೋಗಿ.